ಕಂಡ ಋಣ

ಮಾರ್ಸೇಲ್ಸ್ ನಗರದ ದಕ್ಷಿಣದ ಅಂಚಿನಲ್ಲಿ, ಬೆಳ್ಳನೆಯ ಸುಣ್ಣಕಲ್ಲಿನ ಗುಡ್ಡಗಳ ನಡುವೆ, ಸುಜಿತೋಂ ಎಂಬ ಪುಟ್ಟ ಕಡಲಕೊಲ್ಲಿಯಿದೆ. 2022ರಿಂದ ಈಚೆಗೆ, ಬೇಸಿಗೆಯ ದಟ್ಟಣೆಯ ದಿನಗಳಲ್ಲಿ ಅಲ್ಲಿಗೆ ಇಳಿಯುವವರು ಮೊದಲೇ ಹೆಸರು ನೋಂದಾಯಿಸಿ ಕ್ಯೂಆರ್ ಕೋಡ್ ಇರುವ ಚೀಟಿ ಪಡೆದಿರಬೇಕು. ದಿನಕ್ಕೆ 400 ಮಂದಿಗೆ ಮಾತ್ರ ಅವಕಾಶ. ಅದಕ್ಕೂ ಹಿಂದೆ ಜನ ಮುಗಿಬೀಳುವ ದಿನಗಳಲ್ಲಿ 2,500ರವರೆಗೆ ಇಳಿಯುತ್ತಿದ್ದರು. ಚೀಟಿಗೆ ಹಣವಿಲ್ಲ. ಹಣ ಕೇಳಿದ್ದರೆ ವಾದ ಸುಲಭವಾಗುತ್ತಿತ್ತು; ಇದ್ದವರಿಗೊಂದು ಇಲ್ಲದವರಿಗೊಂದು ಎಂದು ದೂರಿ ಮುಗಿಸಬಹುದಿತ್ತು. ಹಣ ಬೇಡದೆ, ಕುಲ ಕೇಳದೆ, ‘ಇವತ್ತಿಗೆ ಇಷ್ಟೇ, ಇನ್ನು ನೀವು ನೋಡುವಂತಿಲ್ಲ’ ಎಂದು ಒಬ್ಬ ಸಭ್ಯ ಮನುಷ್ಯನನ್ನು ತಡೆದು ನಿಲ್ಲಿಸಿದಾಗ ಮಾತ್ರ ಪ್ರಶ್ನೆ ಆಡಳಿತದ ಕೈಮೀರಿ ತತ್ತ್ವಕ್ಕೆ ಬರುತ್ತದೆ. ಅವನು ಏನನ್ನೂ ಕೀಳಲು ಬಂದವನಲ್ಲ, ಕದಿಯಲು ಬಂದವನಲ್ಲ. ನೋಡಿ ಹೋಗುತ್ತೇನೆ ಎನ್ನುತ್ತಾನೆ. ಸುಂದರವಾದದ್ದು ಎಲ್ಲರ ಕಣ್ಣಿಗೂ ಸಲ್ಲಬೇಕಾದದ್ದೇ? ನೋಡಬೇಕೆಂಬ ಆಸೆಯೊಂದೇ ನೋಡುವ ಅಧಿಕಾರವನ್ನೂ ಕೊಡುತ್ತದೆಯೇ? ಕೊಡುವುದಿಲ್ಲ ಎಂಬುದು ನನ್ನ ಮಾತು. ಹಾಗೆ ಹೇಳುವಾಗ ನೋಟವನ್ನೇ ಹಳಿದ ಸಂತರ ಪಕ್ಕದಲ್ಲಿ ನಿಲ್ಲುವ ಮನಸ್ಸೂ ನನಗಿಲ್ಲ. ನೋಡುವವನು ನೋಡಿದ್ದಕ್ಕೆ ಋಣಿಯಾಗುತ್ತಾನೆ, ಆ ಋಣದೊಳಗೆ ನೋಡದೆ ಹಿಂದಿರುಗುವ ಸಾಧ್ಯತೆಯೂ ಸೇರಿದೆ ಎಂಬುದನ್ನು ಈ ಒಂದು ತೀರದ ಸಾಕ್ಷ್ಯದಿಂದಲೇ ತೋರಿಸಲು ಸಾಧ್ಯವೆಂದು ನಂಬಿದ್ದೇನೆ.

ಸುಜಿತೋಂನಿಂದ ಪೂರ್ವಕ್ಕೆ, ಈ ಗುಡ್ಡಸಾಲು ಮುಗಿಯುವಲ್ಲಿ, ಕಸ್ಸಿ ಎಂಬ ಊರು. ಹಳೆಯ ಮೀನುಗಾರರ ಬಂದರು; ಸುತ್ತ ಬಿಳಿಯ ವೈನ್‌ಗೆ ಹೆಸರಾದ ದ್ರಾಕ್ಷಿ ತೋಟಗಳು. ಪ್ಯಾರಿಸ್ ಕಂಡೂ ಕಸ್ಸಿಯನ್ನು ಕಾಣದವನು ಏನನ್ನೂ ಕಂಡಂತಲ್ಲ ಎಂಬ ಅರ್ಥದ ಅಭಿಮಾನದ ಮಾತೊಂದು ಆ ಊರಿನಲ್ಲಿ ಓಡಾಡುತ್ತದೆ. ಪ್ರೊವಾನ್ಸಾಲ್ ಕವಿ ಫ್ರೆದೆರಿಕ್ ಮಿಸ್ತ್ರಾಲ್‌ನ ಹೆಸರಿಗೆ ಅದನ್ನು ಸೇರಿಸುತ್ತಾರೆ. ಅವನ 1867ರ ಕಾವ್ಯವೊಂದರ ನಾಯಕ ಕಸ್ಸಿಯ ಮೀನುಗಾರನೇ. ಇಂದು ಊರಿನ ಬಾಳು ಬಹುಮಟ್ಟಿಗೆ ನೋಡುವವರ ಮೇಲೆ ನಿಂತಿದೆ. ಬಂದರಿನಿಂದ ಹೊರಡುವ ದೋಣಿಗಳು ‘ಕಲಾಂಕ್’ಗಳನ್ನು, ಎಂದರೆ ಬಂಡೆಗಳ ನಡುವೆ ಕಡಲು ಕೈಚಾಚಿದಂತಿರುವ ಕಿರಿದಾದ ಕೊಲ್ಲಿಗಳನ್ನು, ತೋರಿಸಿ ತರುತ್ತವೆ. ನಡೆಯಬಲ್ಲವರು ಪೋರ್ ಮಿಯು, ಪೋರ್ ಪ್ಯಾಂ ದಾಟಿ ಆನ್ ವೋದ ಕಡಿದಾದ ಇಳಿಜಾರಿನವರೆಗೆ ಹೋಗುತ್ತಾರೆ. ಕೆಲವರು ಕಯಾಕ್‌ನಲ್ಲಿ ಹುಟ್ಟು ಹಾಕುತ್ತಾರೆ, ಕೆಲವರು ಹಗ್ಗ ಕಟ್ಟಿಕೊಂಡು ಬಂಡೆ ಏರುತ್ತಾರೆ. ಊರಿನ ಇನ್ನೊಂದು ಮಗ್ಗುಲಿಗೆ 394 ಮೀಟರ್ ಎತ್ತರದ ಕಾಪ್ ಕನಾಯ್. ಸಂಜೆಯ ಬಿಸಿಲಿಗೆ ಅದರ ಕಾವಿಬಣ್ಣದ ಗೋಡೆ ಕೆಂಡವಾಗುತ್ತದೆ. ಆ ಬೆಳಕಿಗೆ ಸೋತು 1889ರಲ್ಲಿ ಪೌಲ್ ಸಿನ್ಯಾಕ್ ಇಲ್ಲಿ ಕುಳಿತು ಚಿತ್ರ ಬರೆದ. 2012ರಲ್ಲಿ ಈ ಗುಡ್ಡಗಳನ್ನೂ ಅವುಗಳ ಮುಂದಿನ ಕಡಲನ್ನೂ ಸೇರಿಸಿ ಫ್ರಾನ್ಸ್ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತು. ಚೆಲುವಿನ ಬಗ್ಗೆ ಇಲ್ಲಿ ಯಾರಿಗೂ ತಕರಾರಿಲ್ಲ. ತಕರಾರಿರುವುದು ಕಣ್ಣಿನ ಬಗ್ಗೆ.

ನೋಡುವುದರಿಂದ ನೋಡಿದ್ದಕ್ಕೆ ಏನೂ ಆಗುವುದಿಲ್ಲ ಎಂಬ ನಂಬಿಕೆಯ ಮೇಲೆ ಪ್ರವಾಸವೆಂಬ ಇಡೀ ವ್ಯವಹಾರ ನಿಂತಿದೆ. ಹಣ್ಣು ತಿಂದರೆ ಮುಗಿಯುತ್ತದೆ, ಹೂವು ಕಿತ್ತರೆ ಬಾಡುತ್ತದೆ. ಆದರೆ ಸಾವಿರ ಜನ ನೋಡಿದ ಸೂರ್ಯಾಸ್ತ ಸಾವಿರದೊಂದನೆಯವನಿಗೂ ಇಡಿಯಾಗಿಯೇ ಸಿಗುತ್ತದೆ. ನಮ್ಮ ಹಳ್ಳಿಯ ಅಜ್ಜಿಯರು ಇದನ್ನು ಒಪ್ಪುತ್ತಿರಲಿಲ್ಲ. ಕೂಸಿನ ಕೆನ್ನೆಗೆ ಕಪ್ಪು ಬೊಟ್ಟಿಟ್ಟು ದೃಷ್ಟಿ ತೆಗೆಯುವ ಆ ಕೈಗಳಿಗೆ, ನೋಟವೂ ತಾಗುತ್ತದೆ, ಮೆಚ್ಚುಗೆಯ ನೋಟ ಇನ್ನೂ ಹೆಚ್ಚು ತಾಗುತ್ತದೆ ಎಂಬುದು ಗೊತ್ತಿತ್ತು. ನೀಲಿಮಣಿ ಕಟ್ಟುವ ಗ್ರೀಸ್, ತುರ್ಕಿಯ ತಾಯಂದಿರ ನಂಬಿಕೆಯೂ ಇದೇ. ಮಂತ್ರದ ಭಾಗವನ್ನು ಬಿಟ್ಟರೂ ಉಳಿಯುವ ಸತ್ಯವನ್ನು ಸುಜಿತೋಂನ ಇಳಿಜಾರು ತೋರಿಸುತ್ತದೆ. ಅಲ್ಲಿ ಬಂಡೆಯ ಮೇಲಿರುವ ಮಣ್ಣು ತೆಳು. ಕಾಲ್ತುಳಿತಕ್ಕೆ ಸಡಿಲಗೊಂಡ ಮಣ್ಣು ಮಳೆಗೆ ಕೊಚ್ಚಿಹೋಗಿ ಅಲೆಪ್ಪೊ ಪೈನ್ ಮರಗಳ ಬೇರುಗಳು ಬಯಲಿಗೆ ಬಿದ್ದಿವೆ. ಹೊಸ ಸಸಿ ಕಾಲೂರುವ ಮೊದಲೇ ತುಳಿತಕ್ಕೆ ಸಿಗುವುದರಿಂದ, ಮುದಿ ಮರ ಬಿದ್ದ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ನೀರಿನ ಕೆಳಗೂ ಅದೇ ಕಥೆ. ಪೊಸಿಡೋನಿಯಾ ಎಂಬ ಕಡಲಹುಲ್ಲು ಹೂ ಬಿಡುವ ಸಸ್ಯ. ಮೀನುಮರಿಗಳಿಗೆ ತೊಟ್ಟಿಲು, ತೀರದ ಮರಳಿಗೆ ಕಾವಲು. ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಹಬ್ಬುವ ಆ ಹುಲ್ಲುಗಾವಲನ್ನು, ನೋಟಕ್ಕೆಂದು ನಿಂತ ದೋಣಿಯೊಂದರ ಲಂಗರು ಒಂದು ಮಧ್ಯಾಹ್ನದಲ್ಲಿ ಉತ್ತುಬಿಡಬಲ್ಲದು. ಇನ್ನೂ ಸೂಕ್ಷ್ಮವಾದ ನಿದರ್ಶನ ಲಾಸ್ಕೋ ಗುಹೆ. ಎರಡನೆಯ ಮಹಾಯುದ್ಧದ ನಂತರ ತೆರೆದ ಆ ಗುಹೆಯ ಚಿತ್ರಗಳನ್ನು ನೋಡಲು ದಿನಕ್ಕೆ ಸಾವಿರಕ್ಕೂ ಹೆಚ್ಚು ಜನ ಬರತೊಡಗಿದರು. ಯಾರೂ ಮುಟ್ಟಲಿಲ್ಲ, ಗೀಚಲಿಲ್ಲ. ಬೆಕ್ಕಸಬೆರಗಾಗಿ ಉಸಿರಾಡಿದರು, ಅಷ್ಟೆ. ಆ ಉಸಿರಿನ ತೇವಕ್ಕೆ, ಇಂಗಾಲದ ಡೈಆಕ್ಸೈಡಿಗೆ, ದೀಪದ ಬೆಳಕಿಗೆ ಗೋಡೆಯ ಮೇಲೆ ಹಸಿರು ಪಾಚಿ ಬೆಳೆಯಿತು. 1963ರಲ್ಲಿ ಗುಹೆಯನ್ನು ಮುಚ್ಚಬೇಕಾಯಿತು.

ಇದೆಲ್ಲ ಕಾಲಿನ ತಪ್ಪು, ಉಸಿರಿನ ತಪ್ಪು, ಲಂಗರಿನ ತಪ್ಪು, ಕಣ್ಣಿನದಲ್ಲ ಎನ್ನಬಹುದು. ಮರದ ಹಲಗೆಯ ದಾರಿ ಹಾಕಿ, ದೋಣಿ ಕಟ್ಟಲು ತೇಲುಬುರುಡೆ ಇಡಿ, ಗಾಜಿನ ಗೋಡೆ ಕಟ್ಟಿ. ನೋಟ ಮತ್ತೆ ನಿರಪಾಯವಾಗುತ್ತದೆ ಎನ್ನಬಹುದು. ಅಂಥ ಉಪಾಯಗಳು ಬೇಕೇ ಬೇಕು, ಆದರೆ ಅವು ಪ್ರಶ್ನೆಯ ಬೇರನ್ನು ಮುಟ್ಟುವುದಿಲ್ಲ. ಕಾಲನ್ನು ಅಲ್ಲಿಗೆ ಎಳೆದು ತಂದದ್ದೇ ಕಣ್ಣು. ಚಿತ್ರದಲ್ಲಿ ಕಂಡರೆ ಸಾಲದು, ಇನ್ನೊಬ್ಬರು ಹೇಳಿದರೆ ಸಾಲದು, ನಾನೇ ಹೋಗಿ ಕಣ್ಣಾರೆ ಕಾಣಬೇಕು ಎಂಬ ತವಕವನ್ನು ನೋಟದಿಂದ ಬೇರ್ಪಡಿಸಲಾಗುವುದಿಲ್ಲ. ‘ಕಣ್ಣಾರೆ’ ಎಂಬ ನಮ್ಮ ಮಾತಿನಲ್ಲಿ ಕಣ್ಣು ತುಂಬುವಷ್ಟು ಎಂಬ ಅರ್ಥವಿದೆ. ತುಂಬುವ ಪಾತ್ರೆಯೊಂದಿದ್ದರೆ ತುಂಬಿಕೊಳ್ಳುವುದೂ ಒಂದಿರಬೇಕಲ್ಲ. ನಮ್ಮ ತಾರ್ಕಿಕರು ಜ್ಞಾನದ ದಾರಿಗಳನ್ನು ಎಣಿಸುವಾಗ ಪ್ರತ್ಯಕ್ಷವನ್ನು ಮೊದಲಿಗಿಟ್ಟರು. ಆದರೆ ನ್ಯಾಯದರ್ಶನ ಅಲ್ಲಿಗೇ ನಿಲ್ಲಲಿಲ್ಲ. ನಂಬಲರ್ಹನಾದವನ ಮಾತನ್ನೂ, ಆಪ್ತವಾಕ್ಯವನ್ನೂ, ತನ್ನದೇ ಹಕ್ಕಿನಿಂದ ಪ್ರಮಾಣವೆಂದು ಒಪ್ಪಿತು. ಈ ಎರಡನೆಯ ಒಪ್ಪಿಗೆಯನ್ನು ಪ್ರವಾಸದ ಕಾಲ ಮರೆತಂತಿದೆ. ಇನ್ನೊಬ್ಬನ ಕಣ್ಣನ್ನು ನಂಬುವುದೂ ಒಂದು ಬಗೆಯ ಕಾಣುವಿಕೆಯೇ ಎಂಬುದಕ್ಕೆ ಕಸ್ಸಿಯ ನೀರಿನಲ್ಲೇ ಬಹು ದೊಡ್ಡ ಸಾಕ್ಷ್ಯ ಅಡಗಿದೆ.

ಆಂರಿ ಕೊಸ್ಕೆರ್ ಕಸ್ಸಿಯಲ್ಲಿ ಡೈವಿಂಗ್ ಕಲಿಸುತ್ತಿದ್ದ ವೃತ್ತಿಪರ ಮುಳುಗುಗಾರ. 1985ರಲ್ಲಿ, ಮೋರ್ಜಿಯು ಭೂಶಿರದ ಬುಡದಲ್ಲಿ, ಸಮುದ್ರಮಟ್ಟದಿಂದ ಸುಮಾರು 37 ಮೀಟರ್ ಆಳದಲ್ಲಿ ಅವನಿಗೆ ಒಂದು ಬಿಲದ ಬಾಯಿ ಕಂಡಿತು. ಕತ್ತಲೆಯ ಇಕ್ಕಟ್ಟಾದ ಸುರಂಗದಲ್ಲಿ ನೂರಕ್ಕೂ ಹೆಚ್ಚು ಮೀಟರ್ ಮೇಲೇರಿದರೆ ಅರ್ಧ ನೀರು, ಅರ್ಧ ಗಾಳಿ ತುಂಬಿದ ದೊಡ್ಡ ಗುಹೆ. ಅದರ ಗೋಡೆಗಳ ಮೇಲೆ ಚಿತ್ರಗಳಿರುವುದು ಗೊತ್ತಾದದ್ದು ಇನ್ನೂ ಕೆಲವು ವರ್ಷಗಳ ಮೇಲೆ. ಕುದುರೆ, ಕಾಡೆಮ್ಮೆ, ಕಾಡುಮೇಕೆ, ಸೀಲ್, ಮತ್ತು ಬಣ್ಣ ಊದಿ ಮೂಡಿಸಿದ ಕೈಗಳ ಅಚ್ಚು. ಕೈಗಳು ಸುಮಾರು 27,000 ವರ್ಷ ಹಿಂದಿನವು, ಪ್ರಾಣಿಗಳಲ್ಲಿ ಹೆಚ್ಚಿನವು ಸುಮಾರು 19,000 ವರ್ಷ ಹಿಂದಿನವು ಎಂದು ಅಂದು ಲೆಕ್ಕ ಹಾಕಿದರು. ಆ ಕಾಲದಲ್ಲಿ ಸಮುದ್ರ ನೂರು ಮೀಟರಿಗೂ ಹೆಚ್ಚು ಕೆಳಗಿತ್ತು, ತೀರ ಎಷ್ಟೋ ಕಿಲೋಮೀಟರ್ ಆಚೆಗಿತ್ತು. ಜನ ನಡೆದುಕೊಂಡೇ ಗುಹೆಗೆ ಬಂದಿದ್ದರು. ಹಿಮಯುಗ ಮುಗಿದು ಕಡಲು ಏರಿ ಬಾಗಿಲನ್ನು ಮುಳುಗಿಸಿತು. ಸುದ್ದಿ ಮೆಲ್ಲಗೆ ಹರಡಿತು. 1991ರ ಸೆಪ್ಟೆಂಬರಿನಲ್ಲಿ ಆ ಸುರಂಗ ಹೊಕ್ಕ ಮೂವರು ಮುಳುಗುಗಾರರು ದಾರಿ ತಪ್ಪಿ ಸತ್ತರು. ಅದಾದ ಮೇಲೆಯೇ ಕೊಸ್ಕೆರ್ ತನ್ನ ಶೋಧವನ್ನು ಸರ್ಕಾರಕ್ಕೆ ತಿಳಿಸಿದ, ಬಾಗಿಲನ್ನು ಮುಚ್ಚಲಾಯಿತು. ಆ ಮೂವರ ಸಾವನ್ನು ಒಂದು ನೀತಿಪಾಠವನ್ನಾಗಿ ಬಳಸಲು ನನಗೆ ಮನಸ್ಸು ಬರುವುದಿಲ್ಲ. ಕಾಣಬೇಕೆಂಬ ತವಕ ಎಷ್ಟು ಬಲವಾದದ್ದು ಎಂಬುದನ್ನು ಮಾತ್ರ ಅದು ಹೇಳುತ್ತದೆ. ಆ ತವಕವೇ ಇಲ್ಲದಿದ್ದರೆ ಗುಹೆಯೂ ಸಿಗುತ್ತಿರಲಿಲ್ಲ.

ಮುಂದೆ ನಡೆದದ್ದು ನನ್ನ ವಾದಕ್ಕೆ ಮುಖ್ಯ. ಇಂಥ ಜಾಗದಲ್ಲಿ ಇಂಥ ಚಿತ್ರವೇ ಎಂದು ಹಲವು ವಿದ್ವಾಂಸರು ಸಂಶಯಪಟ್ಟರು. ಪ್ರಾಗಿತಿಹಾಸ ತಜ್ಞ ಜಾನ್ ಕುರ್ತ್ಯಾಂ ಮುಳುಗುಗಾರನೂ ಆಗಿದ್ದರಿಂದ ಒಳಹೊಕ್ಕು ಬಂದ. ಗುಹಾಚಿತ್ರಗಳ ದೊಡ್ಡ ಪಂಡಿತ ಜಾನ್ ಕ್ಲೋತ್, ತಾನು ಕಣ್ಣಾರೆ ಕಾಣುವ ಮೊದಲೇ, ಛಾಯಾಚಿತ್ರ ಮತ್ತು ಸಾಕ್ಷ್ಯಗಳನ್ನು ತೂಗಿ ಇವು ಅಸಲಿ ಎಂದು ವಾದಿಸಿದ. ಗೋಡೆಯ ಮೇಲಿನ ಇದ್ದಿಲಿನ ಕಾಲಗಣನೆ ಅವರ ಮಾತನ್ನು ಎತ್ತಿಹಿಡಿಯಿತು. ಕೆಲವೇ ಕಣ್ಣುಗಳು ನೋಡಿದ್ದನ್ನು ಲೋಕ ಹೀಗೆ ತಿಳಿದುಕೊಂಡಿತು. ಇಂದು ಗುಹೆಗೆ ಅಧ್ಯಯನಕಾರರ ಹೊರತು ಯಾರಿಗೂ ಪ್ರವೇಶವಿಲ್ಲ. 2022ರಲ್ಲಿ ಮಾರ್ಸೇಲ್ಸ್ ಬಂದರಿನ ಬಳಿ ಅದರ ಪ್ರತಿರೂಪವೊಂದು ತೆರೆದಿದೆ, ಜನ ಅಲ್ಲಿ ನೋಡುತ್ತಾರೆ. ನಕಲನ್ನು ನೋಡಿ ಬಂದವನು ನೋಡಿದ್ದೇನು ಎಂದು ಪ್ಲೇಟೋನ ಶಿಷ್ಯರು ಕೇಳುವುದು ಸಹಜ. ಗುಹೆಯ ಗೋಡೆಯ ನೆರಳುಗಳನ್ನೇ ನಿಜವೆಂದು ನಂಬಿದ ಬಂದಿಗಳ ಕಥೆ ಹೇಳಿದವನು ಅವನು; ಅನುಕರಣೆಯ ಅನುಕರಣೆ ಅವನಿಗೆ ಸತ್ಯದಿಂದ ಇನ್ನೂ ಒಂದು ಹೆಜ್ಜೆ ದೂರ. ಆದರೆ ಆ ಬಂದಿಗಳ ಕೇಡು ಇದ್ದದ್ದು ನೆರಳನ್ನು ನೋಡಿದ್ದರಲ್ಲಲ್ಲ, ಅದು ನೆರಳೆಂದು ತಿಳಿಯದಿದ್ದುದರಲ್ಲಿ. ಪ್ರತಿರೂಪದ ಮುಂದೆ ನಿಂತವನಿಗೆ ತಾನು ಏನನ್ನು ನೋಡುತ್ತಿದ್ದೇನೆ, ಯಾಕೆ ಅಸಲನ್ನು ನೋಡುತ್ತಿಲ್ಲ ಎಂಬ ಎರಡೂ ಗೊತ್ತಿರುತ್ತವೆ. ಉತ್ಸವಮೂರ್ತಿಯ ಮುಂದೆ ಕೈಮುಗಿಯುವ ಭಕ್ತನಿಗೆ ಮೂಲಮೂರ್ತಿ ಗರ್ಭಗುಡಿ ಬಿಟ್ಟು ಬರುವುದಿಲ್ಲ ಎಂಬುದು ಗೊತ್ತಿರುವ ಹಾಗೆ. ಅವನಿಗೆ ಅದು ಮೋಸವೆನಿಸುವುದಿಲ್ಲ.

ಹಾಗಾದರೆ ಯಾರೂ ಕಾಣದ ಚೆಲುವಿಗೆ ಬೆಲೆಯೇನು? 1903ರಲ್ಲಿ ಇಂಗ್ಲೆಂಡಿನ ದಾರ್ಶನಿಕ ಜಿ. ಇ. ಮೂರ್ ಈ ಪ್ರಶ್ನೆಯನ್ನು ನೇರವಾಗಿ ಇಟ್ಟ. ಗುಡ್ಡ, ನದಿ, ಕಡಲು, ನಕ್ಷತ್ರಗಳಿಂದ ತುಂಬಿದ ಒಂದು ಲೋಕ. ಬರೀ ಕೊಳಕಿನ ರಾಶಿಯಾದ ಇನ್ನೊಂದು ಲೋಕ. ಎರಡನ್ನೂ ಯಾರೂ ಯಾವತ್ತೂ ನೋಡುವುದಿಲ್ಲ. ಆಗಲೂ ಮೊದಲನೆಯದು ಇರುವುದೇ ಮೇಲಲ್ಲವೇ ಎಂದು ಅವನು ಕೇಳಿದ. ಅನುಭವಿಸುವವನಿಲ್ಲದೆ ಒಳಿತೆಂಬುದೇ ಇಲ್ಲ ಎನ್ನುವವರಿಗೆ ಈ ಮಾತು ಹಿಡಿಸಲಿಲ್ಲ, ಮೂರ್ ತಾನೇ ಮುಂದೆ ಈ ನಿಲುವಿನಿಂದ ಹಿಂದೆ ಸರಿದ. ಅವನು ಸರಿಯಬೇಕಿರಲಿಲ್ಲ ಎಂದು ನನಗನ್ನಿಸುತ್ತದೆ. ಕೊಸ್ಕೆರ್ ಗುಹೆ ಅವನ ಕಾಲ್ಪನಿಕ ಲೋಕದ ನಿಜವಾದ ತುಣುಕು. ಕಡಲು ಬಾಗಿಲು ಮುಚ್ಚಿದ ಮೇಲೆ ಸಾವಿರಾರು ವರ್ಷ ಒಂದು ಕಣ್ಣೂ ಬೀಳದೆ ಆ ಕುದುರೆಗಳು ಕತ್ತಲಲ್ಲಿ ನಿಂತಿದ್ದವು. ಅಷ್ಟು ಕಾಲ ಅವುಗಳಿಗೆ ಬೆಲೆಯಿರಲಿಲ್ಲ, 1991ರಲ್ಲಿ ಥಟ್ಟನೆ ಬಂತು ಎನ್ನುವುದು ವಿಚಿತ್ರ ಲೆಕ್ಕ. ಆ ನಡುಗಾಲದಲ್ಲಿ ಯಾರೋ ಅರಿಯದೆ ಅದನ್ನು ಸಿಡಿಸಿದ್ದರೆ ಏನೂ ನಷ್ಟವಾಗುತ್ತಿರಲಿಲ್ಲ ಎಂದು ಎದೆಮುಟ್ಟಿ ಹೇಳಬಲ್ಲವರು ಕಡಿಮೆ. ಹಾಗೆ ಹೇಳಲಾಗದಿದ್ದರೆ, ಚೆಲುವಿನ ಬೆಲೆ ನನ್ನ ಕಣ್ಣಿನಿಂದ ಬಂದದ್ದಲ್ಲವೆಂದೂ, ನನ್ನ ಕಣ್ಣಿಗೆ ಬಿದ್ದೇ ತೀರಬೇಕೆಂದು ನಾನು ಅದನ್ನು ಕೇಳುವಂತಿಲ್ಲವೆಂದೂ ಒಪ್ಪಬೇಕಾಗುತ್ತದೆ.

ಇಲ್ಲಿ ನನ್ನ ಮಾತು ಹಳೆಯ ಕ್ರೈಸ್ತ ವಿರಕ್ತರ ಮಾತಿಗೆ ತೀರ ಹತ್ತಿರ ಬಂದಂತೆ ಕಾಣುತ್ತದೆ. ವ್ಯತ್ಯಾಸ ಹೇಳಲೇಬೇಕು. ಸುಮಾರು 415ರಲ್ಲಿ ಜಾನ್ ಕಾಸಿಯನ್ ಎಂಬ ಸಂನ್ಯಾಸಿ ಇದೇ ಮಾರ್ಸೇಲ್ಸ್‌ನಲ್ಲಿ ಮಠ ಕಟ್ಟಿದ. ಸಾಧಕರನ್ನು ಕಾಡುವ ಎಂಟು ದೋಷಗಳಲ್ಲಿ ಒಂದನ್ನು ಅವನು ವಿಸ್ತಾರವಾಗಿ ವರ್ಣಿಸಿದ್ದಾನೆ. ನಡುಹಗಲಿನ ಹೊತ್ತಿಗೆ ಸಂನ್ಯಾಸಿಗೆ ತನ್ನ ಕೋಣೆ ಬೇಸರವಾಗುತ್ತದೆ; ದೂರದ ಮಠಗಳೆಲ್ಲ ಇದಕ್ಕಿಂತ ಚೆನ್ನಾಗಿವೆ ಎನ್ನಿಸುತ್ತದೆ; ಹೊರಗೆ ಬಂದು ಅತ್ತಿತ್ತ ನೋಡುತ್ತಾನೆ; ಸೂರ್ಯ ಯಾಕಿನ್ನೂ ಇಳಿದಿಲ್ಲ ಎಂದು ಚಡಪಡಿಸುತ್ತಾನೆ. ಬೇರೆಲ್ಲೋ ಹೋದರೆ ಬದುಕು ಸರಿಹೋಗುತ್ತದೆ ಎಂಬ ಈ ರೋಗ, ರಜೆಗೆ ಕಾದಿರುವ ಇಂದಿನ ಯಾವ ಕಚೇರಿಯವನಿಗೂ ಹೊಸದಲ್ಲ. ಕಾಸಿಯನ್‌ಗಿಂತ ಸ್ವಲ್ಪ ಮೊದಲು ಸಂತ ಅಗಸ್ಟೀನ್ ತನ್ನ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ, ಜನ ಬೆಟ್ಟದ ತುದಿಗಳನ್ನೂ ಕಡಲಿನ ತೆರೆಗಳನ್ನೂ ನೋಡಿ ಬೆರಗಾಗಲು ಹೋಗುತ್ತಾರೆ, ತಮ್ಮನ್ನು ಮಾತ್ರ ತಾವು ಮರೆಯುತ್ತಾರೆ ಎಂದು ನೊಂದು ಬರೆದಿದ್ದ. ಆ ಮಾತು ಒಂಬತ್ತು ಶತಮಾನಗಳ ಮೇಲೆ ಪ್ರೊವಾನ್ಸ್‌ನ ಒಂದು ಬೆಟ್ಟದ ನೆತ್ತಿಯ ಮೇಲೆ ಮತ್ತೆ ಕೇಳಿಸಿತು. 1336ರ ಏಪ್ರಿಲ್ 26ರಂದು ಕವಿ ಪೆಟ್ರಾರ್ಕ್, ಎತ್ತರದಿಂದ ನೋಡಬೇಕೆಂಬ ಒಂದೇ ಆಸೆಯಿಂದ, ತಮ್ಮನೊಡನೆ ಸುಮಾರು 1,900 ಮೀಟರ್ ಎತ್ತರದ ಮೋಂ ವಾಂತುವನ್ನು ಏರಿದನೆಂದು ಒಂದು ಪತ್ರದಲ್ಲಿ ಬರೆದಿದ್ದಾನೆ. ಮಾರ್ಸೇಲ್ಸ್‌ನ ಕಡಲು, ಎಂದರೆ ಈ ನಮ್ಮ ತೀರ, ಅಲ್ಲಿಂದ ಕಂಡಿತಂತೆ. ಕೈಯಲ್ಲಿದ್ದ ಅಗಸ್ಟೀನನ ಪುಸ್ತಕವನ್ನು ತೆರೆದಾಗ ಅದೇ ಸಾಲು ಎದುರಾಯಿತು. ನಾಚಿ, ಮಾತಿಲ್ಲದೆ ಕೆಳಗಿಳಿದ. ಪತ್ರವನ್ನು ಅವನು ಎಷ್ಟೋ ವರ್ಷಗಳ ನಂತರ ತಿದ್ದಿ ಕಟ್ಟಿದನೆಂದು ವಿದ್ವಾಂಸರು ಹೇಳುತ್ತಾರೆ. ಕಟ್ಟಿದ್ದಾದರೂ ಅದರ ನಾಚಿಕೆ ನಿಜವಾದದ್ದು.

ಈ ಮೂವರೂ ಹಸಿವನ್ನು ಸರಿಯಾಗಿ ಗುರುತಿಸಿದರು. ಕಣ್ಣಿಗೊಂದು ಹಸಿವಿದೆ, ಅದು ಉಂಡಷ್ಟೂ ಹೆಚ್ಚುತ್ತದೆ, ಆ ಹಸಿವಿನಲ್ಲಿ ನೋಡಿದವನು ಯಾವುದನ್ನೂ ಕಾಣುವುದಿಲ್ಲ. ಆದರೆ ಅವರು ಹೇಳಿದ ಮದ್ದನ್ನು, ಹೊರಗಿನ ಬಾಗಿಲು ಮುಚ್ಚಿ ಒಳಗೆ ತಿರುಗು ಎಂಬುದನ್ನು, ಒಪ್ಪಲಾರೆ. ಬೆಟ್ಟಕ್ಕೂ ಆತ್ಮಕ್ಕೂ ಹಾಗೆ ಹಗೆಯಿಲ್ಲ. ಅಗಸ್ಟೀನನೇ ಅದೇ ಹತ್ತನೆಯ ಭಾಗದಲ್ಲಿ, ಕೆಲವೇ ಪುಟಗಳ ಹಿಂದೆ, ತಾನು ಭೂಮಿಯನ್ನು, ಕಡಲನ್ನು, ಗಾಳಿಯನ್ನು ದೇವರ ಬಗ್ಗೆ ಕೇಳಿದೆನೆಂದೂ, ನಾವು ಅವನಲ್ಲ, ನಮ್ಮನ್ನು ಮಾಡಿದವನು ಅವನು ಎಂದು ಅವು ಹೇಳಿದವೆಂದೂ ಬರೆದಿದ್ದಾನೆ. ತನ್ನ ನೆಟ್ಟ ನೋಟವೇ ಅವುಗಳಿಗೆ ಹಾಕಿದ ಪ್ರಶ್ನೆ, ಅವುಗಳ ಚೆಲುವೇ ಅವು ಕೊಟ್ಟ ಉತ್ತರ ಎಂಬ ಭಾವ ಅಲ್ಲಿದೆ. ಪೆಟ್ರಾರ್ಕ್ ತೆರೆದ ಪುಟಕ್ಕಿಂತ ಈ ಪುಟವೇ ನನಗೆ ಹೆಚ್ಚು ಆಳದ್ದಾಗಿ ಕಾಣುತ್ತದೆ. ಪ್ರಶ್ನೆ ಕೇಳಿದವನು ಉತ್ತರಕ್ಕೆ ಕಾಯಬೇಕಾಗುತ್ತದೆ. ಉತ್ತರ ಇವತ್ತು ಬರದೆಯೂ ಹೋಗಬಹುದು. ಬಂದರೆ ಅದಕ್ಕೆ ತಕ್ಕಂತೆ ತಾನು ಬದಲಾಗಬೇಕಾಗುತ್ತದೆ. ಋಣ ಎಂದು ನಾನು ಕರೆದದ್ದು ಇದನ್ನೇ.

ಗ್ರೀಕರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮಾರ್ಸೇಲ್ಸ್ ಅನ್ನು ಕ್ರಿ.ಪೂ. 600ರ ಸುಮಾರಿಗೆ ಕಟ್ಟಿದವರೂ ಗ್ರೀಕರೇ. ಡೆಲ್ಫಿಯಲ್ಲಿ ಈ ಊರಿನವರ ಹೆಸರಿನ ಭಂಡಾರಗೃಹವೊಂದಿತ್ತು. ಬೇರೆ ಊರಿನ ಉತ್ಸವವನ್ನು ನೋಡಿಬರಲು ನಗರವೊಂದು ಕಳಿಸುವ ಅಧಿಕೃತ ಯಾತ್ರೆಗೆ ಅವರು ‘ಥಿಯೋರಿಯಾ’ ಎನ್ನುತ್ತಿದ್ದರು. ಹೋದವನು ತನ್ನ ಖುಷಿಗೆ ಹೋದವನಲ್ಲ. ಊರಿನ ಕಣ್ಣಾಗಿ ಹೋದವನು. ಅಥೆನ್ಸ್‌ನ ಇಂಥ ಹಡಗು ಡೆಲೋಸ್ ದ್ವೀಪಕ್ಕೆ ಹೋಗಿ ಮರಳುವವರೆಗೆ ನಗರ ಶುದ್ಧವಾಗಿರಬೇಕು, ಯಾರನ್ನೂ ಮರಣದಂಡನೆಗೆ ಒಪ್ಪಿಸಬಾರದು ಎಂಬ ಕಟ್ಟಳೆಯಿತ್ತು. ಸಾಕ್ರಟೀಸ್ ತೀರ್ಪಿನ ನಂತರವೂ ಸೆರೆಮನೆಯಲ್ಲಿ ಅಷ್ಟು ದಿನ ಬದುಕಿದ್ದದ್ದು ಆ ಹಡಗು ಇನ್ನೂ ಬಂದಿರಲಿಲ್ಲವೆಂದೇ. ಕೆಲವರು ನೋಡಲು ಹೋದರೆ ಇಡೀ ಊರೇ ಕೈಕಟ್ಟಿ ಕಾಯುತ್ತಿತ್ತು. ಆ ಪದವನ್ನೇ ಪ್ಲೇಟೋ ಎತ್ತಿಕೊಂಡು ತತ್ತ್ವಚಿಂತನೆಗೆ ಹೆಸರಾಗಿಟ್ಟ. ನಮ್ಮಲ್ಲಿಯೂ ತತ್ತ್ವಶಾಸ್ತ್ರಕ್ಕೆ ದರ್ಶನ ಎಂದೇ ಹೆಸರು, ಗುಡಿಯಲ್ಲಿ ಆಗುವುದಕ್ಕೂ ಅದೇ ಹೆಸರು. ಕನ್ನಡ ನುಡಿ ಇಲ್ಲಿ ಸೂಕ್ಷ್ಮವಾಗಿದೆ. ಜಾತ್ರೆ ನೋಡಿದೆ, ಸಿನಿಮಾ ನೋಡಿದೆ ಎನ್ನುವ ನಾವು ದೇವರ ವಿಷಯಕ್ಕೆ ಬಂದಾಗ ದರ್ಶನ ಆಯಿತು, ದರ್ಶನ ಸಿಕ್ಕಿತು ಎನ್ನುತ್ತೇವೆ. ನೈವೇದ್ಯದ ಹೊತ್ತಿಗೆ ತೆರೆ ಎಳೆಯುತ್ತಾರೆ, ಭಕ್ತ ಹೊರಗೆ ನಿಲ್ಲುತ್ತಾನೆ. ದೂರದಿಂದ ಬಂದವನು ಬಾಗಿಲು ಹಾಕಿದ್ದನ್ನು ಕಂಡು ಹೊಸ್ತಿಲಿಗೆ ಕೈಮುಗಿದು ಹಿಂದಿರುಗುವುದೂ ಉಂಟು. ಅವನ ಯಾತ್ರೆ ವ್ಯರ್ಥವಾಯಿತೆಂದು ಅವನೂ ಹೇಳುವುದಿಲ್ಲ, ಊರಿನವರೂ ಹೇಳುವುದಿಲ್ಲ. ಸುಜಿತೋಂನ ದಾರಿಯಲ್ಲಿ ತಡೆದು ನಿಲ್ಲಿಸಿದ ಪ್ರವಾಸಿಗೆ ತನ್ನ ದಿನ ವ್ಯರ್ಥವಾಯಿತೆನ್ನಿಸುವುದು, ತೆರೆ ಎಳೆಯುವುದೂ ದರ್ಶನದ ಒಂದು ಭಾಗವೆಂಬ ಅರಿವು ಕಳೆದುಹೋಗಿರುವುದರಿಂದ.

ಗುಡಿಯ ಹೋಲಿಕೆಯನ್ನು ತಂದವನು ಗುಡಿಯ ಪಾಪವನ್ನೂ ಹೊರಬೇಕು. ತೆರೆ, ಹೊಸ್ತಿಲು, ಬಾಗಿಲು ಇವೆಲ್ಲ ಶತಮಾನಗಳ ಕಾಲ ಮನುಷ್ಯರನ್ನು ಹುಟ್ಟಿನ ಕಾರಣಕ್ಕೆ ಹೊರಗೆ ನಿಲ್ಲಿಸಿದವು. ಉಡುಪಿಯ ಕನಕನ ಕಿಂಡಿಯ ಐತಿಹ್ಯವನ್ನು ಕನ್ನಡಿಗರು ಮಕ್ಕಳಿಗೆ ಹೇಳುವುದೇ, ಬಾಗಿಲಲ್ಲಿ ತಡೆದವರು ಸೋತರು, ದೇವರು ತಾನಾಗಿ ತಿರುಗಿದ ಎಂಬ ಸಂತೋಷಕ್ಕೆ. ಹೀಗಿರುವಾಗ ನೋಟಕ್ಕೆ ಮಿತಿ ಹೇಳುವ ಯಾರ ಮಾತನ್ನೂ ಸಂಶಯದಿಂದಲೇ ಕೇಳಬೇಕು. ಆಕ್ಷೇಪ ಕಸ್ಸಿಯ ಸುತ್ತಲೂ ಜೀವಂತವಾಗಿದೆ. 1936ರಲ್ಲಿ ಫ್ರಾನ್ಸಿನ ದುಡಿಯುವ ಜನರಿಗೆ ಸಂಬಳ ಸಹಿತ ರಜೆಯ ಕಾನೂನು ಬಂದ ಮೇಲೆ, ಅದುವರೆಗೆ ಉಳ್ಳವರ ಸೊತ್ತಾಗಿದ್ದ ಕಡಲತೀರದ ಬೇಸಿಗೆ ಎಲ್ಲರದಾಯಿತು. ಸುಜಿತೋಂ ಮಾರ್ಸೇಲ್ಸ್‌ನ ಸಿಟಿ ಬಸ್ಸು ಹತ್ತಿ, ಲ್ಯುಮಿನಿಯಲ್ಲಿ ಇಳಿದು ನಡೆದು ತಲುಪಬಹುದಾದ ಕೊಲ್ಲಿ. ಬೇರೆ ರಜೆ ಕಾಣದ ಬಡ ಮನೆಗಳ ಹುಡುಗರ ಕಡಲು. ಅವರ ಎದುರು ಎಣಿಕೆಯ ಚೀಟಿ ಹಿಡಿದು, ಕಡಲ ಕಡೆಯಿಂದ ಬರುವ ಐಷಾರಾಮಿ ನಾವೆಯನ್ನು ಎಣಿಸದೆ ಬಿಟ್ಟರೆ ಅದು ಹೊಸ ಅಸ್ಪೃಶ್ಯತೆಯೇ ಸರಿ. ಆದ್ದರಿಂದ ಮಿತಿಯನ್ನು ಎರಡು ಕಡೆಯಿಂದ ಪರೀಕ್ಷಿಸಬೇಕು. ಅದು ನೋಡಲ್ಪಡುವುದರ ಹಿತಕ್ಕಾಗಿ ಬಂದದ್ದೇ, ಅಥವಾ ಕೆಲವು ನೋಡುಗರ ಹಿತಕ್ಕಾಗಿಯೇ? ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳುತ್ತದೆಯೇ? ಉಚಿತ ಚೀಟಿ ಮೊದಲನೆಯದರಲ್ಲಿ ಗೆಲ್ಲುತ್ತದೆ. 24 ಮೀಟರಿಗಿಂತ ಉದ್ದದ ನಾವೆಗಳು ಪೊಸಿಡೋನಿಯಾದ ಮೇಲೆ ಲಂಗರು ಹಾಕದಂತೆ ತಂದ ನಿಯಮ ಎರಡನೆಯದರ ದಿಕ್ಕಿನಲ್ಲಿ ಒಂದು ಹೆಜ್ಜೆ. ಫೋನಿಲ್ಲದ, ಮುಂಗಡ ಯೋಜನೆಯ ಬಿಡುವಿಲ್ಲದ ಮನುಷ್ಯನನ್ನು ಇಂದಿನ ಪದ್ಧತಿ ಇನ್ನೂ ಸರಿಯಾಗಿ ಲೆಕ್ಕಕ್ಕೆ ಹಿಡಿದಿಲ್ಲವೆಂದೇ ನನಗೆ ತೋರುತ್ತದೆ. ಅದು ಪದ್ಧತಿಯ ಕೊರತೆ. ಮಿತಿ ಎಂಬ ವಿಚಾರವನ್ನೇ ಅದು ಉರುಳಿಸುವುದಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಈ ಗುಡ್ಡಗಳು ಇಂದು ಉಳಿದಿರುವುದೇ ನೋಡಲು ಬಂದವರಿಂದ. ಕಸ್ಸಿಯ ಪಕ್ಕದ ಪೋರ್ ಮಿಯುವಿನಲ್ಲಿ ಕಲ್ಲುಗಣಿ ಹಬ್ಬುತ್ತಿದ್ದಾಗ, 1910ರ ಮಾರ್ಚಿನಲ್ಲಿ, ಮಾರ್ಸೇಲ್ಸ್‌ನ ಚಾರಣಿಗರ ಸಂಘದವರು ಮುಂದಾಗಿ ಸುಮಾರು 3,000 ಜನರನ್ನು ಆನ್ ವೋದಲ್ಲಿ ಸೇರಿಸಿ ಪ್ರತಿಭಟಿಸಿದರು. ಪ್ರಕೃತಿಯ ಚೆಲುವಿಗಾಗಿ ಆ ದೇಶದಲ್ಲಿ ನಡೆದ ಮೊದಮೊದಲ ಜನಕೂಟಗಳಲ್ಲಿ ಅದೊಂದು. ಕಣ್ಣು ಬೀಳದಿದ್ದರೆ ಕಾವಲೂ ಇರುತ್ತಿರಲಿಲ್ಲ. ಇದಕ್ಕೆ ವ್ಯತಿರಿಕ್ತವಾದದ್ದು ಅದೇ ಕಡಲಿನ ತಳದಲ್ಲಿದೆ. ಗಾರ್ದಾನ್ ಎಂಬಲ್ಲಿಯ ಅಲ್ಯೂಮಿನಾ ಕಾರ್ಖಾನೆಯ ಕೆಂಪು ಕೆಸರನ್ನು 1960ರ ದಶಕದಿಂದ 2015ರ ಕೊನೆಯವರೆಗೆ, ಕೊಳವೆಯಲ್ಲಿ ಹಾಯಿಸಿ, ಕಸ್ಸಿಯಿಂದ ಕೆಲವೇ ಕಿಲೋಮೀಟರ್ ಆಚೆ ಮುನ್ನೂರು ಮೀಟರಿಗೂ ಹೆಚ್ಚು ಆಳದ ಕಡಲಕಣಿವೆಗೆ ಸುರಿದರು. ಕೋಟಿಗಟ್ಟಲೆ ಟನ್. ಅದೇ ಐವತ್ತು ವರ್ಷ ದೋಣಿಗಳು ನೀಲಿನೀರನ್ನು ತೋರಿಸುತ್ತ ಸುತ್ತುಹಾಕಿದವು. ಮೊದಲ ದಿನಗಳಿಂದ ಪ್ರತಿಭಟಿಸಿದವರಲ್ಲಿ ಮೀನುಗಾರರು ಮುಂದಿದ್ದರು. ಬಲೆ ಇಳಿಸುವವರಿಗೆ ಕಡಲಿಗೊಂದು ತಳವಿದೆ ಎಂಬುದು ಗೊತ್ತು. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದು ಯಾವ ಕಣ್ಣಿನ ಪರವಾಗಿ ಸಾಕ್ಷಿ ನುಡಿಯುತ್ತದೆ ಎಂಬುದನ್ನು ಗಮನಿಸಬೇಕು. 1910ರಲ್ಲಿ ಸೇರಿದವರು ಒಮ್ಮೆ ನೋಡಿ ಮುಗಿಸಿದವರಲ್ಲ. ಭಾನುವಾರಗಳಂದು ಆ ದಾರಿಗಳನ್ನು ತುಳಿದು, ಕಲ್ಲುಕಲ್ಲಿನ ಪರಿಚಯ ಮಾಡಿಕೊಂಡವರು. ಕಂಡದ್ದಕ್ಕಾಗಿ ನಿಂತವರು. ಐವತ್ತು ವರ್ಷ ಮೇಲ್ನೀರನ್ನಷ್ಟೇ ನೋಡಿ ತೃಪ್ತವಾದ ಕಣ್ಣು ಬೇರೆ. ಲಕ್ಷಗಟ್ಟಲೆ ಬಂದರೂ ಆ ಕಣ್ಣಿನಿಂದ ಒಬ್ಬ ಕಾವಲುಗಾರನೂ ಹುಟ್ಟುವುದಿಲ್ಲ. ಹುಟ್ಟಬೇಕಾದರೆ ಕಡಿಮೆ ಜನ, ಹೆಚ್ಚು ಹೊತ್ತು, ಮತ್ತೆ ಮತ್ತೆ ಬರುವ ಅವಕಾಶ ಬೇಕು. ಇತ್ತೀಚಿನ ವರ್ಷಗಳಲ್ಲಿ ಉದ್ಯಾನದವರು ತಮ್ಮ ಕೊಲ್ಲಿಗಳ ಬಗ್ಗೆ ನೀರು ತಣ್ಣಗಿರುತ್ತದೆ, ನಡೆಯುವುದು ಕಷ್ಟ, ಜನ ಕಿಕ್ಕಿರಿದಿರುತ್ತಾರೆ ಎಂದು ತಾವೇ ಹೇಳತೊಡಗಿದ್ದಾರೆ. ಹೇಳಿದ್ದು ನಿಜವೇ. ಕಂಡವರು ಕಂಡದ್ದಕ್ಕೆ ಸಲ್ಲಿಸಬಹುದಾದ ಋಣದಲ್ಲಿ ಬಾಯಿ ಬಿಗಿಹಿಡಿಯುವುದೂ ಒಂದು, ಇನ್ನೊಬ್ಬರ ಆಸೆಯನ್ನು ಕೆರಳಿಸದಿರುವುದೂ ಒಂದು.

ಮುಚ್ಚಿದ ಗುಹೆಯೊಳಗೆ ನೀರು ಏರುತ್ತಿದೆ. ಹಿಮಯುಗದ ಕೊನೆಯಲ್ಲಿ ಬಾಗಿಲನ್ನು ನುಂಗಿದ ಕಡಲು ಈಗ ನಮ್ಮ ಕಾಲದ ಬಿಸಿಗೆ ಮತ್ತೆ ಹತ್ತತೊಡಗಿದೆ. ನೀರಿನಂಚಿನಲ್ಲಿರುವ ಕುದುರೆಗಳ ಚಿತ್ರ ಕೆಳಗಿನಿಂದ ಅಳಿಸಿದೆ. ಉಳಿದಿರುವುದನ್ನು ಲೇಸರ್‌ನಿಂದ ಅಳೆದು ದಾಖಲಿಸುವ ಕೆಲಸ ನಡೆದಿದೆ. ಅಲ್ಲಿಯ ಒಂದು ಗೋಡೆಯ ಮೇಲೆ ಗ್ರೇಟ್ ಆಕ್ ಎಂಬ, ಹಾರಲಾರದ ದೊಡ್ಡ ಕಡಲಹಕ್ಕಿಯ ಮೂರು ಚಿತ್ರಗಳಿವೆ. ಬರೆದವನು ಅವುಗಳನ್ನು ತೀರದಲ್ಲಿ ಹತ್ತಿರದಿಂದ ನೋಡಿದ್ದಿರಬೇಕು. ಗಿಡ್ಡ ರೆಕ್ಕೆಗಳನ್ನು ಅಗಲಿಸಿಕೊಂಡಿವೆ. ಮಾಂಸಕ್ಕೂ ಪುಕ್ಕಕ್ಕೂ ಬೇಟೆಯಾಗಿ ಆ ಹಕ್ಕಿಗಳು ವಿರಳವಾದಾಗ, ವಿರಳವೆಂಬ ಕಾರಣಕ್ಕೇ ಯುರೋಪಿನ ಸಂಗ್ರಾಹಕರಿಗೆ ಅವು ಬೇಕಾದವು. 1844ರಲ್ಲಿ ಐಸ್‌ಲ್ಯಾಂಡಿನ ಬಳಿಯ ಎಲ್ಡೇ ಎಂಬ ಬಂಡೆದ್ವೀಪದ ಮೇಲೆ, ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಬಯಸಿದವರಿಗಾಗಿ, ಲೋಕಕ್ಕೆ ತಿಳಿದಿರುವ ಕೊನೆಯ ಜೋಡಿಯನ್ನು ಕೊಂದರು.